ಮನೆಯಲ್ಲೇ ಕೇಬಲ್ ಮಾಡುವವರ ಕಟ್ಟೆ: ಗಿಟಾರ್, ಮೈಕ್, ಪ್ಯಾಚ್, ಎಲ್ಲ ಇಲ್ಲೇ ಮಾತಾಡೋಣ

ತಂತಿಬೆಸುಗೆ

ಕೇಬಲ್ ಕೆಟ್ಟಿತು ಅಂತ ಎಸೆಯುವ ಮುಂಚೆ ಅದರ ಪ್ಲಗ್ ಬಿಚ್ಚಿ ನೋಡಿ. ಮಧ್ಯದ ತಂತಿ ಹೆಚ್ಚಿನ ಸಲ ಗಟ್ಟಿಮುಟ್ಟಾಗೇ ಇರುತ್ತದೆ. ಕೈಕೊಟ್ಟಿರುವುದು ತುದಿಯ ಬೆಸುಗೆ, ಇಲ್ಲವೇ ಪ್ಲಗ್‌ನಿಂದ ತಂತಿ ಹೊರಬರುವ ಜಾಗ. ಕೇಬಲ್‌ನ ಆಯಸ್ಸೆಲ್ಲ ನಿಂತಿರುವುದು ಆ ತುದಿಗಳ ಮೇಲೆ. ಅಷ್ಟನ್ನು ನಾವೇ ಕೈಯಾರೆ ಮಾಡಿಕೊಂಡರೆ ಒಳಗೆ ಏನಿದೆ ಅಂತ ಗೊತ್ತಿರುತ್ತದೆ. ಹೋದರೆ ಸರಿಮಾಡಲೂ ಬರುತ್ತದೆ. ಉದ್ದವೂ ನಮಗೆ ಬೇಕಾದಷ್ಟೇ. ಈ ಕಟ್ಟೆ ಶುರುಮಾಡಿದ್ದು ಅದಕ್ಕೇ. ಗೊತ್ತಿದ್ದವರು ಬರೆಯಿರಿ, ಗೊತ್ತಿಲ್ಲದವರು ಕೇಳಿ.

ಮೊದಲ ಸಲ ಮಾಡುವವರು ಸಾದಾ ಗಿಟಾರ್ ಕೇಬಲ್‌ನಿಂದ ಶುರುಮಾಡಿ. ಮಧ್ಯೆ ಸಿಗ್ನಲ್ ಒಯ್ಯುವ ಒಂದು ಕೋರ್, ಅದರ ಸುತ್ತ ಹೊರಗಿನ ಗದ್ದಲ ತಡೆಯುವ ಹೊದಿಕೆ, ಅಂದರೆ ಶೀಲ್ಡ್, ಅಷ್ಟೇ. ಎರಡು ತುದಿಗೂ 6.35 ಮಿ.ಮೀ. ಟಿಎಸ್ ಪ್ಲಗ್, ಅದರ ಮೂತಿಯೇ ಟಿಪ್, ಹಿಂದಿನ ಉದ್ದ ಭಾಗ ಸ್ಲೀವ್. ಕೋರ್ ಟಿಪ್‌ಗೆ, ಶೀಲ್ಡ್ ಸ್ಲೀವ್‌ಗೆ. ಒಟ್ಟು ನಾಲ್ಕು ಬೆಸುಗೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಬಿಸಿ ಹೊಂದಿಸಲು ಬರುವ 50-60 ವಾಟ್ ಸೋಲ್ಡರಿಂಗ್ ಐರನ್, ಒಳಗೆ ರೋಸಿನ್ ಫ್ಲಕ್ಸ್ (ಲೋಹ ಶುಚಿಮಾಡಿ ಬೆಸುಗೆ ಹಿಡಿಸುವ ಅಂಟು) ಇರುವ 0.8 ಅಥವಾ 1 ಮಿ.ಮೀ. ಸೋಲ್ಡರ್, ಸಣ್ಣ ಕಟ್ಟರ್, ಬ್ಲೇಡ್, ಮಲ್ಟಿಮೀಟರ್, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ. ನಲ್ಲಿ ಪೈಪ್ ಬೆಸೆಯುವ ಆಸಿಡ್ ಫ್ಲಕ್ಸ್ ಮಾತ್ರ ಹತ್ತಿರ ಸೇರಿಸಬೇಡಿ, ಅದು ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ಐರನ್‌ನ ಮೂತಿ ಚೂಪಾಗಿರುವುದಕ್ಕಿಂತ ಚಪ್ಪಟೆ ಇರುವುದು ಒಳ್ಳೆಯದು. ಸ್ಲೀವ್‌ನ ಲೋಹ ದಪ್ಪ, ತುಂಬ ಬಿಸಿ ಕುಡಿಯುತ್ತದೆ. ಚೂಪು ಮೂತಿಯಿಂದ ಅಷ್ಟು ಬಿಸಿ ದಾಟುವುದಿಲ್ಲ.

ಐರನ್ ಕೈಗೆತ್ತಿಕೊಳ್ಳುವ ಮುಂಚೆ ಪ್ಲಗ್‌ನ ಹೊರಕವಚ, ಒಳಗಿನ ಪ್ಲಾಸ್ಟಿಕ್ ತೋಳು, ಹೀಟ್‌ಶ್ರಿಂಕ್ ತುಂಡು, ಎಲ್ಲವನ್ನೂ ಕೇಬಲ್‌ಗೆ ಪೋಣಿಸಿಬಿಡಿ, ಸರಿಯಾದ ದಿಕ್ಕಿಗೆ. ಎರಡೂ ತುದಿ ಬೆಸೆದ ಮೇಲೆ ಇವನ್ನು ಒಳಗೆ ತೂರಿಸಲು ದಾರಿಯೇ ಇರುವುದಿಲ್ಲ.

ಹೊರಸಿಪ್ಪೆಯನ್ನು ಪ್ಲಗ್ ಪಕ್ಕದಲ್ಲಿಟ್ಟು ಅಳತೆ ನೋಡಿ ಬಿಡಿಸಿ. ಬ್ಲೇಡನ್ನು ಒತ್ತಿ ಕೊಯ್ಯಬೇಡಿ, ಶೀಲ್ಡ್‌ನ ಎಳೆಗಳು ತುಂಡಾಗುತ್ತವೆ. ಸುತ್ತಲೂ ಹಗುರವಾಗಿ ಗೆರೆ ಎಳೆದು ಕೇಬಲ್ ಬಗ್ಗಿಸಿದರೆ ಆ ಗೆರೆಯಲ್ಲಿ ಸಿಪ್ಪೆ ತಾನೇ ಬಿಟ್ಟುಕೊಳ್ಳುತ್ತದೆ. ಶೀಲ್ಡನ್ನು ಬಿಡಿಸಿ, ಒಂದು ಕಡೆಗೆ ಹೊಸೆದು, ಸೋಲ್ಡರ್ ಸವರಿ. ಕೋರ್‌ನ ತುದಿಗೂ ಪ್ಲಗ್‌ನ ಎರಡೂ ಕಿವಿಗಳಿಗೂ (ತಂತಿ ಬೆಸೆಯುವ ಲೋಹದ ಚಾಚುಗಳು) ಹಾಗೇ ಸವರಿಕೊಳ್ಳಿ. ಐರನ್ 350 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಲಿ. ಪ್ಲಗ್ಗನ್ನು ಹಳೇ ಜ್ಯಾಕ್ ಒಂದಕ್ಕೆ ಚುಚ್ಚಿಟ್ಟುಕೊಂಡರೆ ಅಲುಗಾಡುವುದಿಲ್ಲ. ಟಿಪ್‌ಗೂ ಸ್ಲೀವ್‌ಗೂ ನಡುವಿನ ಪ್ಲಾಸ್ಟಿಕ್ ಬಿಸಿಗೆ ಸೊಟ್ಟಗಾಗುವುದೂ ತಪ್ಪುತ್ತದೆ. ಮೊದಲು ಲೋಹಕ್ಕೆ ಬಿಸಿ ಕೊಡಿ, ಆಮೇಲೆ ಸೋಲ್ಡರನ್ನು ಆ ಲೋಹಕ್ಕೇ ಮುಟ್ಟಿಸಿ. ಹರಡಿಕೊಂಡು ಹೊಳೆದರೆ ಐರನ್ ತೆಗೆಯಿರಿ. ಗಟ್ಟಿಯಾಗುವವರೆಗೆ ತಂತಿ ಅಲುಗಿಸಬೇಡಿ. ಹರಡದೆ ಉಂಡೆಯಾಗಿ ನಿಂತರೆ ಕೆಳಗೆ ಹಿಡಿದಿಲ್ಲ ಅಂತ ಅರ್ಥ.

ಕೊನೆಗೆ ಕ್ಲ್ಯಾಂಪ್, ಪ್ಲಗ್‌ನ ಹಿಂಭಾಗದಲ್ಲಿ ಕೇಬಲ್ ಹಿಡಿಯುವ ಹಿಡಿತ. ನನ್ನ ಲೆಕ್ಕದಲ್ಲಿ ಬೆಸುಗೆಗಿಂತ ಇದೇ ಮುಖ್ಯ. ಕ್ಲ್ಯಾಂಪ್ ಹೊರಸಿಪ್ಪೆಯನ್ನು ಕಚ್ಚಿ ಹಿಡಿಯಬೇಕು, ಬರೀ ಶೀಲ್ಡನ್ನಲ್ಲ. ಯಾರಾದರೂ ಕೇಬಲ್ ತುಳಿದರೆ ಆ ಎಳೆತವೆಲ್ಲ ಸಿಪ್ಪೆಗೆ ಬೀಳಬೇಕು, ಬೆಸುಗೆಗೆ ಒಂದಿಷ್ಟೂ ತಾಗಬಾರದು. ಅದಕ್ಕೇ ಪ್ಲಗ್ ಕೊಳ್ಳುವಾಗ ಕೇಬಲ್‌ನ ಹೊರ ವ್ಯಾಸ ನೋಡಿಕೊಳ್ಳಿ. ಗಿಟಾರ್ ಕೇಬಲ್‌ಗಳು ಸಾಮಾನ್ಯವಾಗಿ 6ರಿಂದ 7 ಮಿ.ಮೀ. ಇರುತ್ತವೆ. ಬಾಯಿ ಚಿಕ್ಕದಾದರೆ ಒಳಗೆ ಹೋಗುವುದಿಲ್ಲ, ದೊಡ್ಡದಾದರೆ ಕಚ್ಚುವುದಿಲ್ಲ.

ಆರುತಂತಿ

ಒಳ್ಳೆಯ ಸಮಯಕ್ಕೆ ಶುರುಮಾಡಿದ್ದೀರಿ. ಈಗ ತಾನೇ ಕಟ್ಟಿದ ಕೇಬಲ್ ಒಂದು ಮೇಜಿನ ಮೇಲಿದೆ. ಬೆಸುಗೆ ನೋಡಲು ಚೆನ್ನಾಗಿದೆ, ಹೊಳೆಯುತ್ತಿದೆ. ಆದರೆ ಸದ್ದು ಮಂಕು, ವಾಲ್ಯೂಮ್ ಕೂಡ ಕಡಿಮೆ. ಮಲ್ಟಿಮೀಟರ್‌ನಲ್ಲಿ ಟಿಪ್‌ನಿಂದ ಟಿಪ್‌ಗೆ ಬೀಪ್ ಬರುತ್ತದೆ, ಸ್ಲೀವ್‌ನಿಂದ ಸ್ಲೀವ್‌ಗೂ ಬರುತ್ತದೆ. ಟಿಪ್ ಮತ್ತು ಸ್ಲೀವ್ ನಡುವೆ ಬೀಪ್ ಇಲ್ಲ. ಸುಮ್ನೆ ಓಮ್ ರೇಂಜ್‌ಗೆ ಹಾಕಿ ನೋಡಿದೆ, ಅಲ್ಲಿ ಕೆಲವು ಸಾವಿರ ಓಮ್ ತೋರಿಸುತ್ತಿದೆ. ಅಲ್ಲಿ ಏನೂ ತೋರಿಸಬಾರದು ಅಲ್ವಾ?

ಶಬ್ದಶೋಧ

ತೋರಿಸಬಾರದು. ನಿಮ್ಮ ಕೇಬಲ್‌ನಲ್ಲಿ ಶೀಲ್ಡ್ ಕೆಳಗೆ ಒಂದು ಕಪ್ಪು ಪದರ ಇದೆಯಾ ನೋಡಿ. ತೆಳ್ಳಗೆ, ಪ್ಲಾಸ್ಟಿಕ್ ತರಹ. ನೋಡಿದರೆ ಇನ್ಸುಲೇಷನ್ ಅಂತಲೇ ಅನಿಸುತ್ತದೆ. ಆದರೆ ಅದು ಇನ್ಸುಲೇಷನ್ ಅಲ್ಲ. ಅದರಲ್ಲಿ ಇಂಗಾಲ ಬೆರೆಸಿರುತ್ತಾರೆ, ಅದರೊಳಗೆ ವಿದ್ಯುತ್ ಹರಿಯುತ್ತದೆ. ಆ ಪದರದ ತುದಿ ಕೋರ್‌ನ ತಾಮ್ರಕ್ಕೋ ಟಿಪ್‌ನ ಕಿವಿಗೋ ತಾಗಿದರೆ ಸಿಗ್ನಲ್‌ಗೆ ಶೀಲ್ಡ್ ಕಡೆಗೆ ಒಂದು ಕಳ್ಳದಾರಿ ಸಿಕ್ಕಿತು. ಪೂರ್ತಿ ಶಾರ್ಟ್ ಆಗುವುದಿಲ್ಲ, ಹಾಗಾಗಿ ಬೀಪ್ ಬರುವುದಿಲ್ಲ. ಆದರೆ ಪಿಕಪ್‌ನ (ಗಿಟಾರ್ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸಿಗ್ನಲ್ ಅಲ್ಲೇ ಸೋರಿ ಹೋಗುತ್ತದೆ.

ಮಾಡಬೇಕಾದ್ದು ಇಷ್ಟು. ಶೀಲ್ಡ್ ಬಿಡಿಸಿದ ಮೇಲೆ ಆ ಕಪ್ಪು ಪದರವನ್ನು ಹೊರಸಿಪ್ಪೆಯ ಅಂಚಿನವರೆಗೂ ಹಿಂದಕ್ಕೆ ತೆಗೆಯಿರಿ. ಬ್ಲೇಡ್‌ನಿಂದ ಉದ್ದಕ್ಕೆ ಸಣ್ಣಗೆ ಗೀರಿದರೆ ಸುಲಿದು ಬರುತ್ತದೆ. ಕೆಳಗೆ ಬಿಳಿ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಕಾಣುತ್ತದೆ, ಅದು ನಿಜವಾದ ಇನ್ಸುಲೇಷನ್. ಕೋರ್‌ನ ತಾಮ್ರಕ್ಕೂ ಕಪ್ಪು ಪದರದ ಅಂಚಿಗೂ ನಡುವೆ ಕನಿಷ್ಠ 4-5 ಮಿ.ಮೀ. ಬಿಳಿ ಭಾಗ ಬರಿದಾಗಿ ಕಾಣಬೇಕು. ಕೆಲವು ಕೇಬಲ್‌ಗಳಲ್ಲಿ ಕಪ್ಪು ಪುಡಿ ಬಿಳಿ ಪ್ಲಾಸ್ಟಿಕ್ ಮೇಲೆ ಅಂಟಿಕೊಂಡಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ.

ಆರುತಂತಿ

ಅದೇ! ಕಪ್ಪು ಪದರ ಟಿಪ್‌ನ ಬೆಸುಗೆವರೆಗೂ ಹೋಗಿತ್ತು. ಸುಲಿದು ಮತ್ತೆ ಬೆಸೆದೆ. ಈಗ ಮೀಟರ್ ಏನೂ ತೋರಿಸುತ್ತಿಲ್ಲ, ಸದ್ದು ಸ್ವಚ್ಛ. ಆದರೆ ಇಷ್ಟು ತೊಂದರೆ ಕೊಡುವ ಪದರವನ್ನು ಹಾಕುವುದಾದರೂ ಯಾಕೆ?

ಶಬ್ದಶೋಧ

ಅದಿಲ್ಲದ ಕೇಬಲ್ಲನ್ನು ಆಂಪ್‌ಗೆ ಹಾಕಿ ನೆಲಕ್ಕೆ ಬಡಿಯಿರಿ, ಸ್ಪೀಕರ್‌ನಲ್ಲಿ ಧಡ್ ಅಂತ ಕೇಳುತ್ತದೆ. ಕೇಬಲ್ ಬಗ್ಗಿದಾಗ ಶೀಲ್ಡ್‌ನ ಎಳೆಗಳು ಇನ್ಸುಲೇಷನ್‌ಗೆ ಉಜ್ಜುತ್ತವೆ. ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಗಿಟಾರ್ ಲೈನ್ ಹೈ ಇಂಪೀಡೆನ್ಸ್ (ಸಿಗ್ನಲ್‌ಗೆ ಎದುರಾಗುವ ತಡೆ ಜಾಸ್ತಿ) ಆದ್ದರಿಂದ ಅಷ್ಟು ಚಿಕ್ಕ ಚಾರ್ಜ್ ಕೂಡ ಸದ್ದಾಗಿ ಬರುತ್ತದೆ. ಕಪ್ಪು ಪದರ ಆ ಚಾರ್ಜ್ ಒಂದೆಡೆ ನಿಲ್ಲದಂತೆ ಹರಡಿ ಶೀಲ್ಡ್‌ಗೆ ಬಿಡುತ್ತದೆ. ವೇದಿಕೆ ಮೇಲೆ ಓಡಾಡಿ ನುಡಿಸುವವರಿಗೆ ಅದು ಬೇಕೇ ಬೇಕು. ಮೈಕ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಇಂಪೀಡೆನ್ಸ್ ಕಡಿಮೆ, ಅಗತ್ಯ ಬೀಳುವುದಿಲ್ಲ.

ಮಂದ್ರಬೇಸ್

ಕೇಬಲ್ ರೋಲ್ ಆರಿಸುವಾಗ ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಅಂತ ಒಂದು ಅಂಕಿ ಕೊಟ್ಟಿರುತ್ತಾರೆ, ಮೀಟರ್‌ಗೆ ಇಷ್ಟು ಪಿಕೊಫ್ಯಾರಡ್ ಅಂತ. ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಕಿವಿಗೆ ಗೊತ್ತಾಗುತ್ತದಾ, ಅಥವಾ ಕಾಗದದ ಮೇಲಿನ ಮಾತಾ?

ಶಬ್ದಶೋಧ

ಗಿಟಾರ್ ಕೇಬಲ್‌ನಲ್ಲಿ ಕಿವಿಗೆ ಗೊತ್ತಾಗುವುದು ಅಂತ ಇದ್ದರೆ ಅದು ಇದೊಂದೇ. ಲೆಕ್ಕ ಹಾಕಿ ತೋರಿಸುತ್ತೇನೆ.

ಪಿಕಪ್ ಅಂದರೆ ಸಾವಿರಾರು ಸುತ್ತಿನ ಸಣ್ಣ ತಂತಿ. ಅದಕ್ಕೆ ದೊಡ್ಡ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದನ್ನು ತಡೆಯುವ ಗುಣ) ಇರುತ್ತದೆ. ಒಂದು ಸಿಂಗಲ್ ಕಾಯಿಲ್ ಪಿಕಪ್‌ಗೆ 2.5 ಹೆನ್ರಿ ಅಂತ ಇಟ್ಟುಕೊಳ್ಳಿ. ಕೇಬಲ್‌ನಲ್ಲಿ ಕೋರ್ ಮತ್ತು ಶೀಲ್ಡ್ ಎರಡೂ ಸೇರಿ ಉದ್ದಕ್ಕೂ ಒಂದು ಕೆಪ್ಯಾಸಿಟರ್. ಇಂಡಕ್ಟೆನ್ಸ್ ಮತ್ತು ಕೆಪ್ಯಾಸಿಟೆನ್ಸ್ ಸೇರಿದ ಕಡೆ ಒಂದು ರೆಸೊನೆನ್ಸ್ ಹುಟ್ಟುತ್ತದೆ. ಆ ಜಾಗದಲ್ಲಿ ಸದ್ದು ಸ್ವಲ್ಪ ಎದ್ದು ನಿಲ್ಲುತ್ತದೆ, ಅದರ ಮೇಲಿನ ಟ್ರೆಬಲ್ ಬಿದ್ದು ಹೋಗುತ್ತದೆ. ಒಟ್ಟು ಕೆಪ್ಯಾಸಿಟೆನ್ಸ್ 500 ಪಿಕೊಫ್ಯಾರಡ್ ಇದ್ದರೆ ಆ ಉಬ್ಬು ಸುಮಾರು 4500 ಹರ್ಟ್ಸ್‌ನಲ್ಲಿ ಬರುತ್ತದೆ. 1000 ಆದರೆ ಸುಮಾರು 3200ಕ್ಕೆ ಇಳಿಯುತ್ತದೆ. ಅದು ಬರೀ ಕಾಗದದ ಮಾತಲ್ಲ. ಕಣ್ಣು ಮುಚ್ಚಿ ಕೂತರೂ ಗೊತ್ತಾಗುತ್ತದೆ.

ಸಾಮಾನ್ಯ ಗಿಟಾರ್ ಕೇಬಲ್ ಮೀಟರ್‌ಗೆ 100ರಿಂದ 160 ಪಿಕೊಫ್ಯಾರಡ್ ಒಳಗೆ ಇರುತ್ತದೆ. 130ರ ಕೇಬಲ್ 3 ಮೀಟರ್ ಆದರೆ 390, 6 ಮೀಟರ್ ಆದರೆ 780. ಅಂದರೆ ಯಾವ ಕಂಪನಿ ಅನ್ನುವುದಕ್ಕಿಂತ ಎಷ್ಟು ಉದ್ದ ಅನ್ನುವುದೇ ದೊಡ್ಡ ಸಂಗತಿ. ಮನೆಯಲ್ಲಿ ಮಾಡುವವರಿಗೆ ಇಲ್ಲೇ ಲಾಭ. ಬೇಕಾದ್ದು ನಾಲ್ಕು ಮೀಟರ್ ಆದರೆ ಆರು ಮೀಟರ್ ಎಳೆದುಕೊಂಡು ಓಡಾಡಬೇಕಿಲ್ಲ.

ಹಳೆರಾಗ

> ಕಡಿಮೆ ಇದ್ದಷ್ಟೂ ಒಳ್ಳೆಯದು

ಇದನ್ನು ಒಪ್ಪುವುದಿಲ್ಲ. ನನ್ನ ಗಿಟಾರ್‌ನ ಬ್ರಿಡ್ಜ್ ಪಿಕಪ್ ಕಡಿಮೆ ಕೆಪ್ಯಾಸಿಟೆನ್ಸ್ ಕೇಬಲ್‌ನಲ್ಲಿ ಕಿವಿ ಕೊರೆಯುತ್ತದೆ. ಉದ್ದ ಕೇಬಲ್ ಹಾಕಿದರೆ ಅದೇ ಪಿಕಪ್ ಮೆತ್ತಗೆ, ತುಂಬಿಕೊಂಡು ಮಾತಾಡುತ್ತದೆ. ಹಿಂದಿನವರು ಬಳಸುತ್ತಿದ್ದ ಸುರುಳಿ ಕೇಬಲ್ ನೋಡಿ. ಬಿಚ್ಚಿ ಎಳೆದರೆ ತಂತಿಯ ನಿಜವಾದ ಉದ್ದ ಕಾಣುವುದಕ್ಕಿಂತ ತುಂಬ ಜಾಸ್ತಿ. ಆ ಕಾಲದ ದಪ್ಪನೆಯ ಸದ್ದಿನಲ್ಲಿ ಅದಕ್ಕೂ ಪಾಲಿದೆ. ನಾನು ಬೇಕಂತಲೇ ಮೀಟರ್‌ಗೆ 160 ಇರುವ ಕೇಬಲ್ ಹಾಕಿಕೊಂಡು ಕಟ್ಟಿದ್ದೇನೆ.

ಶಬ್ದಶೋಧ

ನೀವು ಹೇಳುವುದು ಸರಿ. ಅದನ್ನು ಟೋನ್ ಕಂಟ್ರೋಲ್‌ನ ಒಂದು ಭಾಗ ಅಂತ ನೋಡಿದರೆ ತಪ್ಪೇನಿಲ್ಲ. ಆದರೂ ಕಡಿಮೆ ಕೆಪ್ಯಾಸಿಟೆನ್ಸ್‌ನಿಂದ ಶುರುಮಾಡುವುದು ನನಗೆ ಇಷ್ಟ. ಬೇಕಾದರೆ ಪ್ಲಗ್ ಒಳಗೇ 220 ಅಥವಾ 330 ಪಿಕೊಫ್ಯಾರಡ್‌ನ ಸಣ್ಣ ಕೆಪ್ಯಾಸಿಟರ್ ಒಂದನ್ನು ಟಿಪ್ ಮತ್ತು ಸ್ಲೀವ್ ನಡುವೆ ಬೆಸೆಯಬಹುದು, ಉದ್ದ ಕೇಬಲ್‌ನ ಸದ್ದೇ ಬರುತ್ತದೆ. ಕೇಬಲ್‌ನಲ್ಲೇ ಇರುವುದನ್ನು ತೆಗೆಯಲು ಮಾತ್ರ ಬರುವುದಿಲ್ಲ.

ಇನ್ನೊಂದು. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿ ನುಡಿಸುವವರಿಗೆ ಈ ವ್ಯತ್ಯಾಸ ಇನ್ನೂ ಜಾಸ್ತಿ ಕಾಣುತ್ತದೆ. ಆ ವಾಲ್ಯೂಮ್ ಗುಂಡಿಯ ಒಳಗಿನ ಪಾಟ್‌ನ ರೆಸಿಸ್ಟೆನ್ಸ್ ದಾರಿಯಲ್ಲಿ ಸೇರಿಕೊಂಡು ಕೇಬಲ್ ಜೊತೆ ಟ್ರೆಬಲ್ ಕತ್ತರಿಸುತ್ತದೆ. ಬ್ಯಾಟರಿಯಿಂದ ಸಿಗ್ನಲ್‌ಗೆ ಬಲ ಕೊಡುವ ಆ್ಯಕ್ಟಿವ್ ಪಿಕಪ್ ಇದ್ದರೆ ಈ ತಲೆನೋವೇ ಇಲ್ಲ. ಮೊದಲ ಪೆಡಲ್ ಬಫರ್ (ಸಿಗ್ನಲನ್ನು ಕಡಿಮೆ ಇಂಪೀಡೆನ್ಸ್‌ಗೆ ಇಳಿಸುವ ಸರ್ಕ್ಯೂಟ್) ಇರುವಂಥದ್ದಾದರೆ ಅದರ ಮುಂದಿನ ಕೇಬಲ್‌ಗಳ ಉದ್ದಕ್ಕೂ ಅಷ್ಟಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಗಿಟಾರ್‌ನಿಂದ ಬಫರ್‌ವರೆಗಿನ ಕೇಬಲ್ ಒಂದೇ ಲೆಕ್ಕಕ್ಕೆ ಬರುವುದು.

ಪಿಟೀಲುಪಯಣ

ಪಿಟೀಲಿನ ಬ್ರಿಡ್ಜ್ ಮೇಲೆ ಪೀಜೊ ಪಿಕಪ್ (ಒತ್ತಡಕ್ಕೆ ಚಾರ್ಜ್ ಹುಟ್ಟಿಸುವಂಥದ್ದು) ಅಂಟಿಸಿಕೊಂಡಿದ್ದೇನೆ. ಕೇಬಲ್ ಉದ್ದ ಮಾಡಿದರೆ ನನಗೂ ಟ್ರೆಬಲ್ ಹೋಗುತ್ತದಾ?

ಶಬ್ದಶೋಧ

ಇಲ್ಲ, ನಿಮ್ಮದು ಬೇರೆ ಕಥೆ. ಪೀಜೊ ಸ್ವತಃ ಒಂದು ಕೆಪ್ಯಾಸಿಟರ್. ಅದು ಹುಟ್ಟಿಸುವ ಚಾರ್ಜ್ ಕೇಬಲ್ ಜೊತೆ ಹಂಚಿಹೋಗುತ್ತದೆ, ಒಂದು ಕೊಡದ ನೀರನ್ನು ಎರಡು ಕೊಡಕ್ಕೆ ಹಂಚಿದರೆ ಮಟ್ಟ ಇಳಿಯುವ ಹಾಗೆ. ಪೀಜೊ 1000 ಪಿಕೊಫ್ಯಾರಡ್, ಕೇಬಲ್ 500 ಆದರೆ ಸಿಗ್ನಲ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಅಂದರೆ 3.5 ಡೆಸಿಬೆಲ್ ಕಡಿಮೆ. ಸ್ವರದ ಬಣ್ಣ ಬದಲಾಗುವುದಿಲ್ಲ, ಬರೀ ಮಟ್ಟ.

ನೀವು ನೋಡಿಕೊಳ್ಳಬೇಕಾದ್ದು ಪ್ರೀಆಂಪ್‌ನ (ಸಿಗ್ನಲನ್ನು ಮೊದಲು ಹಿಗ್ಗಿಸುವ ಉಪಕರಣ) ಇನ್‌ಪುಟ್ ರೆಸಿಸ್ಟೆನ್ಸ್. 1000 ಪಿಕೊಫ್ಯಾರಡ್ ಪೀಜೊ ಮುಂದೆ 1 ಮೆಗಾಓಮ್ ಇದ್ದರೆ ಸುಮಾರು 160 ಹರ್ಟ್ಸ್ ಕೆಳಗೆ ಸದ್ದು ಇಳಿಯುತ್ತಾ ಹೋಗುತ್ತದೆ. ಪಿಟೀಲಿನ ಕೆಳಗಿನ ಜಿ ತಂತಿ 196 ಹರ್ಟ್ಸ್, ಅಂದರೆ ಅಂಚಿನಲ್ಲೇ ಇದೆ. 10 ಮೆಗಾಓಮ್ ಇದ್ದರೆ ನಿಶ್ಚಿಂತೆ. ಕೇಬಲ್ ಚಿಕ್ಕದಿರಲಿ, ಶೀಲ್ಡ್ ಚೆನ್ನಾಗಿರಲಿ, ಆ ಕಪ್ಪು ಪದರ ಇರಲಿ. ಇಷ್ಟು ಹೈ ಇಂಪೀಡೆನ್ಸ್ ಲೈನ್‌ನಲ್ಲಿ ಕೇಬಲ್ ಮುಟ್ಟಿದ ಸದ್ದೂ ಬರುತ್ತದೆ.

ಧ್ವನಿಮೇಜು

ಮೈಕ್ ಕೇಬಲ್ ಬಗ್ಗೆ ನಾನು ಬರೆಯುತ್ತೇನೆ, ದಿನಾ ಇದರಲ್ಲೇ ಇರುವವನು.

ಗಿಟಾರ್ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಡೈನಮಿಕ್ ಮೈಕ್‌ನ ಇಂಪೀಡೆನ್ಸ್ 150-200 ಓಮ್ ಅಷ್ಟೇ. 100 ಮೀಟರ್ ಕೇಬಲ್ ಹಾಕಿ, ಒಟ್ಟು 10 ನ್ಯಾನೊಫ್ಯಾರಡ್ ಆಯಿತು ಅಂದುಕೊಳ್ಳಿ. 150 ಓಮ್ ಜೊತೆ ಟ್ರೆಬಲ್ ಬೀಳಲು ಶುರುವಾಗುವುದು ಸುಮಾರು 106 ಕಿಲೊಹರ್ಟ್ಸ್‌ನಲ್ಲಿ. ಮನುಷ್ಯರ ಕಿವಿ 20ಕ್ಕೇ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಕೆಪ್ಯಾಸಿಟೆನ್ಸ್ ನೋಡಿ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಬಗ್ಗುವ ಗುಣ, ಶೀಲ್ಡ್, ಒಳ್ಳೆಯ ಕನೆಕ್ಟರ್, ಇಷ್ಟು ನೋಡಿ. ಹೆಣೆದ ಶೀಲ್ಡ್ ಅಥವಾ ಸುರುಳಿ ಸುತ್ತಿದ ಶೀಲ್ಡ್ ವೇದಿಕೆಗೆ ಸರಿ. ಫಾಯಿಲ್ ಶೀಲ್ಡ್ ಗೋಡೆಯೊಳಗೆ ಒಮ್ಮೆ ಎಳೆದು ಬಿಡುವ ಕೇಬಲ್‌ಗೆ. ದಿನಾ ಸುತ್ತಿ ಬಿಚ್ಚಿದರೆ ಫಾಯಿಲ್ ಹರಿಯುತ್ತದೆ.

ಮೈಕ್ ಕೇಬಲ್‌ನ ಮೂರು ಪಿನ್ ಕನೆಕ್ಟರ್, ಎಕ್ಸ್‌ಎಲ್‌ಆರ್, ಅದರ ಜೋಡಣೆ: ಪಿನ್ 1 ಶೀಲ್ಡ್, ಪಿನ್ 2 ಹಾಟ್ (ನೇರ ಸಿಗ್ನಲ್), ಪಿನ್ 3 ಕೋಲ್ಡ್ (ತಿರುಗಿಸಿದ ಸಿಗ್ನಲ್). 2 ಹಾಟ್ ಅನ್ನುವುದು ಎಇಎಸ್‌ನ (ಆಡಿಯೊ ಎಂಜಿನಿಯರಿಂಗ್ ಸೊಸೈಟಿ) 1992ರ ಮಾನದಂಡದಲ್ಲೇ ಇದೆ. ಅದಕ್ಕೂ ಹಳೆಯ ಕೆಲವು ಉಪಕರಣಗಳಲ್ಲಿ 3 ಹಾಟ್ ಇರುವುದುಂಟು, ಅಂಥದ್ದು ಕೈಗೆ ಬಂದರೆ ಮ್ಯಾನುಯಲ್ ನೋಡಿ. ಮೈಕ್ ಕಡೆಗೆ ಹೆಣ್ಣು ಕನೆಕ್ಟರ್, ಮಿಕ್ಸರ್ ಕಡೆಗೆ ಗಂಡು. ಪಿನ್ ಯಾವ ಕಡೆ ಚಾಚಿರುತ್ತದೋ ಸಿಗ್ನಲ್ ಆ ಕಡೆ ಹೋಗುತ್ತದೆ. ಬೆಸುಗೆ ಕಡೆಯಿಂದ ನೋಡಿದಾಗ ಗಂಡು ಮತ್ತು ಹೆಣ್ಣು ಕನೆಕ್ಟರ್‌ನಲ್ಲಿ 1 ಮತ್ತು 2 ಅದಲುಬದಲಾಗಿ ಕಾಣುತ್ತವೆ. ಜಾಗ ನೆನಪಿಟ್ಟುಕೊಂಡು ಬೆಸೆಯಬೇಡಿ, ಪಿನ್ ಪಕ್ಕ ಅಚ್ಚಾಗಿರುವ ಅಂಕಿ ಓದಿ.

2 ಮತ್ತು 3 ತಿರುಗಿಹೋದ ಕೇಬಲ್ ಒಂಟಿಯಾಗಿ ಬಳಸಿದರೆ ಏನೂ ಗೊತ್ತಾಗುವುದಿಲ್ಲ. ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟು ಒಂದಕ್ಕೆ ಈ ಕೇಬಲ್ ಹಾಕಿದಾಗ ತಳದ ಸದ್ದೆಲ್ಲ ಮಾಯ. ಎರಡು ಸಿಗ್ನಲ್ ಒಂದನ್ನೊಂದು ಅಳಿಸುತ್ತವೆ. ಅದಕ್ಕೇ ಬರೀ ಸದ್ದು ಬರುತ್ತದೆ ಅಂತ ಬಿಡದೆ ಪಿನ್ ಪಿನ್ ಮೀಟರ್ ಇಟ್ಟು ನೋಡಿ.

ಇನ್ನೊಂದು ವಿಚಿತ್ರ ಕಂಪ್ಲೇಂಟ್ ಆಗಾಗ ಬರುತ್ತದೆ: ಡೈನಮಿಕ್ ಮೈಕ್ ಕೆಲಸ ಮಾಡುತ್ತದೆ, ಅದೇ ಕೇಬಲ್‌ನಲ್ಲಿ ಕಂಡೆನ್ಸರ್ ಮೈಕ್ ಸತ್ತಿದೆ. ಪಿನ್ 1ರ ಬೆಸುಗೆ ಬಿಟ್ಟಿದೆ ಅಂತ ಮೊದಲು ಅನುಮಾನಪಡಿ. ಡೈನಮಿಕ್ ಮೈಕ್‌ಗೆ 2 ಮತ್ತು 3 ಇದ್ದರೆ ಸಾಕು. ಕಂಡೆನ್ಸರ್‌ಗೆ ಮಿಕ್ಸರ್ ಕೇಬಲ್‌ನಲ್ಲೇ ಕಳಿಸುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್, ಬರುವುದು 2 ಮತ್ತು 3ರ ಮೂಲಕ, ವಾಪಸ್ ಹೋಗುವುದು 1ರ ಮೂಲಕ. ಆ ದಾರಿ ಕಡಿದರೆ ಮೈಕ್‌ಗೆ ಊಟವೇ ಇಲ್ಲ.

ಆರುತಂತಿ

ಎಕ್ಸ್‌ಎಲ್‌ಆರ್ ಕನೆಕ್ಟರ್ ಒಳಗೆ ನಾಲ್ಕನೇ ಕಿವಿ ಒಂದಿದೆ, ಹೊರಗಿನ ಲೋಹದ ಕವಚಕ್ಕೆ ಸೇರಿದ್ದು. ಅದಕ್ಕೂ ಶೀಲ್ಡ್ ಹಾಕಬೇಕಾ?

ಧ್ವನಿಮೇಜು

ಮೈಕ್ ಕೇಬಲ್‌ನಲ್ಲಿ ಬಿಟ್ಟುಬಿಡಿ. ಹಾಕಿದರೆ ಕೇಬಲ್ ನಡುವೆ ಜೋಡಿಸಿದ ಕನೆಕ್ಟರ್ ಯಾವುದೋ ಕಬ್ಬಿಣದ ಸ್ಟ್ಯಾಂಡ್‌ಗೆ ತಾಗಿದಾಗ ಗ್ರೌಂಡ್‌ಗೆ ಎರಡು ದಾರಿ ಸಿಕ್ಕು, ಅಂದರೆ ಗ್ರೌಂಡ್ ಲೂಪ್ ಆಗಿ, ಗುಂಯ್ ಅನ್ನಬಹುದು. ಮೈಕ್ ಕೇಬಲ್‌ನ ಶೀಲ್ಡ್ ಎರಡೂ ತುದಿಯಲ್ಲಿ ಪಿನ್ 1ಕ್ಕೆ ಇರಲೇಬೇಕು, ಫ್ಯಾಂಟಮ್‌ಗಾಗಿ. ಒಂದೇ ತುದಿಗೆ ಶೀಲ್ಡ್ ಕಟ್ಟುವ ಉಪಾಯ ಲೈನ್ ಮಟ್ಟದ ಉಪಕರಣಗಳ ನಡುವೆ ಗುಂಯ್ ಬಂದಾಗ ಮಾತ್ರ.

ಕೀಲಿಮಣೆ

ಕೀಬೋರ್ಡ್‌ನಿಂದ ಮಿಕ್ಸರ್‌ಗೆ ಹೋಗುವ ಕೇಬಲ್? ನನ್ನ ಕೀಬೋರ್ಡ್ ಔಟ್‌ಪುಟ್ ಟಿಎಸ್, ಮಿಕ್ಸರ್ ಇನ್‌ಪುಟ್ ಟಿಆರ್‌ಎಸ್.

ತಂತಿಬೆಸುಗೆ

ಎರಡು ಕೋರ್ ಇರುವ ಮೈಕ್ ಕೇಬಲ್ ತೆಗೆದುಕೊಳ್ಳಿ. ಮಿಕ್ಸರ್ ಕಡೆ ಟಿಆರ್‌ಎಸ್ ಪ್ಲಗ್ (ಟಿಪ್ ಮತ್ತು ಸ್ಲೀವ್ ನಡುವೆ ರಿಂಗ್ ಕೂಡ ಇರುವುದು): ಟಿಪ್‌ಗೆ ಒಂದು ಕೋರ್, ರಿಂಗ್‌ಗೆ ಇನ್ನೊಂದು, ಸ್ಲೀವ್‌ಗೆ ಶೀಲ್ಡ್. ಕೀಬೋರ್ಡ್ ಕಡೆ ಟಿಎಸ್ ಪ್ಲಗ್: ಟಿಪ್‌ಗೆ ಮೊದಲ ಕೋರ್, ಸ್ಲೀವ್‌ಗೆ ಎರಡನೇ ಕೋರ್ ಮತ್ತು ಶೀಲ್ಡ್ ಎರಡೂ. ಹೀಗೆ ಮಾಡಿದರೆ ಸಿಗ್ನಲ್‌ನ ವಾಪಸ್ ದಾರಿ ಶೀಲ್ಡ್‌ನಿಂದ ಬೇರೆಯಾಗಿರುತ್ತದೆ, ಮಿಕ್ಸರ್ ಗದ್ದಲವನ್ನು ಸ್ವಲ್ಪ ಮಟ್ಟಿಗೆ ಕಳೆದುಹಾಕುತ್ತದೆ. ಸಾದಾ ಗಿಟಾರ್ ಕೇಬಲ್ ಕೂಡ ನಡೆಯುತ್ತದೆ, ದೂರ ಜಾಸ್ತಿಯಾದರೆ ಇದು ಮೇಲು.

ಮಂದ್ರಬೇಸ್

ಗಿಟಾರ್ ಕೇಬಲ್ ರೋಲ್‌ನಲ್ಲಿ ಉಳಿದ ತುಂಡಿದೆ. ಆಂಪ್ ಹೆಡ್‌ನಿಂದ ಸ್ಪೀಕರ್ ಕ್ಯಾಬಿನೆಟ್‌ಗೆ ಅದರಲ್ಲೇ ಒಂದು ಕಟ್ಟಿಕೊಂಡರೆ ಹೇಗೆ? ಪ್ಲಗ್ ಅಂತೂ ಒಂದೇ.

ಧ್ವನಿಮೇಜು

ಬೇಡ. ದಯವಿಟ್ಟು ಬೇಡ. ಪ್ಲಗ್ ಒಂದೇ ಆಗಿರುವುದೇ ಈ ಅಪಾಯದ ಮೂಲ. ಗಿಟಾರ್ ಕೇಬಲ್‌ನ ಕೋರ್ ಸಣ್ಣದು. 0.2 ಚದರ ಮಿ.ಮೀ. ತಾಮ್ರ ಅಂದರೆ 6 ಮೀಟರ್‌ಗೆ ಕೋರ್ ಒಂದರಲ್ಲೇ ಅರ್ಧ ಓಮ್ ಆಯಿತು. 4 ಓಮ್ ಸ್ಪೀಕರ್ ಮುಂದೆ ಅದು ಸಣ್ಣದಲ್ಲ. ಶಕ್ತಿ ಕೇಬಲ್‌ನಲ್ಲೇ ಬಿಸಿಯಾಗಿ ಹೋಗುತ್ತದೆ, ಇನ್ಸುಲೇಷನ್ ಕರಗಿ ಶಾರ್ಟ್ ಆಗಬಹುದು. ವಾಲ್ವ್ ಆಂಪ್ ಆದರೆ ನಡುವೆ ಸಂಪರ್ಕ ಕಡಿದರೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಅಪಾಯ.

ಸ್ಪೀಕರ್‌ಗೆ ಶೀಲ್ಡ್ ಬೇಡ, ದಪ್ಪ ತಾಮ್ರ ಬೇಕು. ಪಕ್ಕಪಕ್ಕದ ಎರಡು ತಂತಿ, ಗಿಡ್ಡ ಕೇಬಲ್‌ಗೆ 1.5 ಚದರ ಮಿ.ಮೀ., ಉದ್ದಕ್ಕೆ 2.5. ಕ್ಯಾಬಿನೆಟ್‌ನಲ್ಲಿ ಸ್ಪೀಕಾನ್ (ಸ್ಪೀಕರ್‌ಗೆಂದೇ ಇರುವ, ತಿರುಗಿಸಿ ಬಿಗಿಯುವ ಕನೆಕ್ಟರ್) ಸಾಕೆಟ್ ಇದ್ದರೆ ಅದನ್ನೇ ಬಳಸಿ, ಗಿಟಾರ್ ಕೇಬಲ್ ಚುಚ್ಚಲು ಯಾರಿಗೂ ಆಗುವುದಿಲ್ಲ. ಟಿಎಸ್ ಪ್ಲಗ್‌ನದೇ ಆದರೆ ಎರಡೂ ತುದಿಗೆ ಕೆಂಪು ಹೀಟ್‌ಶ್ರಿಂಕ್ ಹಾಕಿ. ತಿರುಗಿಸಿ ಸ್ಪೀಕರ್ ಕೇಬಲ್ಲನ್ನು ಗಿಟಾರ್‌ಗೆ ಹಾಕಿದರೆ ಏನೂ ಸುಡುವುದಿಲ್ಲ, ಶೀಲ್ಡ್ ಇಲ್ಲದೆ ಗುಂಯ್ ಅನ್ನುತ್ತದೆ ಅಷ್ಟೇ.

ಹಳೆರಾಗ

ಆಕ್ಸಿಜನ್ ರಹಿತ ತಾಮ್ರ, ಬೆಳ್ಳಿ ಲೇಪ, ಚಿನ್ನದ ಪ್ಲಗ್, ಬಾಣದ ಗುರುತು ಹಾಕಿದ ಕೇಬಲ್. ಇವಕ್ಕೆ ದುಡ್ಡು ಹಾಕಬೇಕಾ? ನನ್ನ ಗೆಳೆಯರ ಗುಂಪಿನಲ್ಲಿ ಈ ಜಗಳ ಮುಗಿಯುವುದೇ ಇಲ್ಲ.

ಶಬ್ದಶೋಧ

ಮೇಲಿನ ಅರ್ಧ ಓಮ್ ಲೆಕ್ಕವನ್ನೇ ತೆಗೆದುಕೊಳ್ಳಿ. ಗಿಟಾರ್ ಆಂಪ್‌ನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್. ಅದರ ಮುಂದೆ ಅರ್ಧ ಓಮ್ ಕಾಲು ಓಮ್ ಆದರೂ ಏನೂ ಬದಲಾಗುವುದಿಲ್ಲ. ತಾಮ್ರ ಎಷ್ಟು ಶುದ್ಧ ಅನ್ನುವುದು ಕಿವಿಗೆ ತಲುಪಲು ದಾರಿಯೇ ಇಲ್ಲ. ಸ್ಕಿನ್ ಎಫೆಕ್ಟ್ ಮಾತೂ ಬರುತ್ತದೆ, ಫ್ರೀಕ್ವೆನ್ಸಿ ಏರಿದಂತೆ ಕರೆಂಟ್ ತಂತಿಯ ಹೊರಮೈಗೆ ಸರಿಯುವುದು. 20 ಕಿಲೊಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಆಳ ಸುಮಾರು 0.46 ಮಿ.ಮೀ. ನಮ್ಮ ಕೋರ್‌ನ ಅರ್ಧ ದಪ್ಪ ಅಷ್ಟೂ ಇರುವುದಿಲ್ಲ.

ಚಿನ್ನದ ಲೇಪಕ್ಕೆ ಒಂದು ನಿಜವಾದ ಗುಣ ಇದೆ, ತುಕ್ಕು ಹಿಡಿಯುವುದಿಲ್ಲ. ಒಮ್ಮೆ ಚುಚ್ಚಿ ವರ್ಷಗಟ್ಟಲೆ ಬಿಡುವ ಜಾಗಕ್ಕೆ ಒಳ್ಳೆಯದು. ದಿನಾ ಚುಚ್ಚಿ ಕೀಳುವ ಪ್ಲಗ್‌ಗೆ ನಿಕಲ್ ಗಟ್ಟಿ, ಚಿನ್ನ ಬೇಗ ಸವೆಯುತ್ತದೆ. ಬಾಣಕ್ಕೆ ಅರ್ಥ ಇರುವುದು ಶೀಲ್ಡನ್ನು ಒಂದೇ ತುದಿಗೆ ಕಟ್ಟಿದ ಕೇಬಲ್‌ಗಳಲ್ಲಿ ಮಾತ್ರ, ಯಾವ ತುದಿ ಅಂತ ಗೊತ್ತಾಗಲು. ಉಳಿದ ದುಡ್ಡನ್ನು ಒಳ್ಳೆಯ ಪ್ಲಗ್‌ಗೆ ಹಾಕಿ. ನ್ಯೂಟ್ರಿಕ್, ಸ್ವಿಚ್‌ಕ್ರಾಫ್ಟ್ ತರಹದವು ವರ್ಷಾನುಗಟ್ಟಲೆ ಬಾಳುತ್ತವೆ. ಕೇಬಲ್ ಹಾಳಾದರೂ ಅವನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು.

ಹಳೆರಾಗ

ಸ್ಕಿನ್ ಎಫೆಕ್ಟ್ ಅಂಕಿ ಉಪಯೋಗಕ್ಕೆ ಬಂತು. ಧನ್ಯವಾದ.

ಕೀಲಿಮಣೆ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಸೀಸ ಇರುವ ಸೋಲ್ಡರ್ ಬಳಸಬಹುದಾ?

ತಂತಿಬೆಸುಗೆ

ಸೀಸ ಇರುವ 63/37 (63 ಪಾಲು ತವರ, 37 ಪಾಲು ಸೀಸ) ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ, ಥಟ್ಟನೆ ಗಟ್ಟಿಯಾಗುತ್ತದೆ, ಕಲಿಯುವವರಿಗೆ ಸುಲಭ. ಸೀಸ ಇಲ್ಲದ್ದು, ತವರ ಬೆಳ್ಳಿ ತಾಮ್ರದ್ದು, ಸುಮಾರು 217ಕ್ಕೆ ಕರಗಲು ಶುರುವಾಗುತ್ತದೆ. ಬರೀ ತವರ ಮತ್ತು ತಾಮ್ರದ್ದಾದರೆ 227. ಐರನ್ ಸ್ವಲ್ಪ ಹೆಚ್ಚು ಬಿಸಿ ಇಡಬೇಕು, ಬೆಸುಗೆ ಅಷ್ಟು ಹೊಳೆಯುವುದಿಲ್ಲ, ಆದರೂ ಸರಿಯಾಗಿಯೇ ಹಿಡಿದಿರುತ್ತದೆ. ಮಕ್ಕಳಿರುವ ಮನೆಯಲ್ಲಿ ನಾನಾದರೆ ಸೀಸ ಇಲ್ಲದ್ದನ್ನೇ ಆರಿಸುತ್ತೇನೆ. ಸೀಸ ಹೊಗೆಯಲ್ಲಿ ಬರುವುದಕ್ಕಿಂತ ಬೆರಳಿಗೆ ಅಂಟಿ ಬಾಯಿಗೆ ಹೋಗುವುದೇ ಹೆಚ್ಚು. ಬಳಸಿದರೆ ಕೈ ಸೋಪಿನಲ್ಲಿ ತೊಳೆಯಿರಿ, ಊಟದ ಮೇಜಿನ ಮೇಲೆ ಬೆಸೆಯಬೇಡಿ, ನೆಲಕ್ಕೆ ಬಿದ್ದ ಹನಿಗಳನ್ನು ಗುಡಿಸಿ ತೆಗೆಯಿರಿ. ಕಾಣುವ ಹೊಗೆ ಫ್ಲಕ್ಸ್‌ನದು. ಅದೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಯಾವ ಸೋಲ್ಡರ್ ಆದರೂ ಕಿಟಕಿ ತೆರೆದಿರಲಿ.

ಆರುತಂತಿ

ಪರೀಕ್ಷೆ ಬಗ್ಗೆ ಒಂದು ಮಾತು. ಮೀಟರ್‌ನಲ್ಲಿ ಎಲ್ಲ ಸರಿ ಇದ್ದೂ ನುಡಿಸುವಾಗ ಕರಕರ ಅನ್ನುವ ಕೇಬಲ್ಲನ್ನು ಹೇಗೆ ಹಿಡಿಯುವುದು?

ಧ್ವನಿಮೇಜು

ಮೀಟರ್ ಹಚ್ಚಿಟ್ಟೇ ತುದಿಯನ್ನು ಬಗ್ಗಿಸಿ, ತಿರುಚಿ, ಎಳೆಯಿರಿ. ಪ್ಲಗ್‌ನ ಬಾಯಿಯಿಂದ ಒಂದು ಗೇಣಿನೊಳಗೆ ಮುರಿದ ಎಳೆ ಇದ್ದರೆ ಓಮ್ ಅಂಕಿ ಕುಣಿಯುತ್ತದೆ. ಬೀಪ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ, ಕೆಲವು ಮೀಟರ್‌ಗಳ ಬೀಪ್ ನಿಧಾನ, ಕ್ಷಣಮಾತ್ರ ಕಡಿದದ್ದು ಗೊತ್ತಾಗುವುದೇ ಇಲ್ಲ. ಆಮೇಲೆ ಆಂಪ್‌ಗೆ ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು ಇನ್ನೊಮ್ಮೆ ಅಲುಗಿಸಿ. ಕಿವಿ ಮೀಟರ್‌ಗಿಂತ ಚುರುಕು. ಟಿಪ್ ಮತ್ತು ಸ್ಲೀವ್ ನಡುವೆ ಮೀಟರ್‌ನ ಅತಿ ದೊಡ್ಡ ಓಮ್ ರೇಂಜ್‌ನಲ್ಲೂ ಏನೂ ತೋರಿಸಬಾರದು. ತೋರಿಸಿದರೆ ಆರುತಂತಿಯವರ ಕಪ್ಪು ಪದರವೋ ಕರಗಿದ ಇನ್ಸುಲೇಷನ್ನೋ ಇರುತ್ತದೆ.

ಪಾಸಾದ ಕೇಬಲ್‌ಗೆ ಉದ್ದ ಮತ್ತು ತಿಂಗಳು ಬರೆದ ಚೀಟಿ ಅಂಟಿಸಿ, ಮೇಲೆ ಪಾರದರ್ಶಕ ಹೀಟ್‌ಶ್ರಿಂಕ್. ಸುತ್ತುವಾಗ ಒಂದು ಸುತ್ತು ಮೇಲಿಂದ, ಮುಂದಿನದು ಕೆಳಗಿಂದ. ಮೊಳಕೈಗೆ ಸುತ್ತಿದರೆ ಒಳಗಿನ ಎಳೆಗಳು ತಿರುಚಿಕೊಂಡು ಬೇಗ ಸಾಯುತ್ತವೆ.

ಪಿಟೀಲುಪಯಣ

ಹೆಡ್‌ಫೋನ್ ತಂತಿ ಸರಿಮಾಡಲು ಹೋದರೆ ಸೋಲ್ಡರ್ ಹಿಡಿಯುತ್ತಲೇ ಇಲ್ಲ. ಕೆಂಪು, ಹಸಿರು, ತಾಮ್ರದ ಬಣ್ಣದ ಸಣ್ಣ ಎಳೆಗಳು.

ತಂತಿಬೆಸುಗೆ

ಆ ಬಣ್ಣವೇ ಇನ್ಸುಲೇಷನ್. ಎಳೆ ಎಳೆಗೂ ಮೆರುಗೆಣ್ಣೆ ಬಳಿದಿರುತ್ತಾರೆ. ಐರನ್ ಸುಮಾರು 400 ಡಿಗ್ರಿಗೆ ಏರಿಸಿ, ಮೂತಿಯಲ್ಲಿ ಸೋಲ್ಡರ್ ಹನಿ ನಿಲ್ಲಿಸಿ, ಎಳೆಗಳ ತುದಿಯನ್ನು ಆ ಹನಿಯೊಳಗೆ ಮುಳುಗಿಸಿ ಹಿಡಿಯಿರಿ. ಸ್ವಲ್ಪ ಹೊಗೆ ಬಂದು ಮೆರುಗು ಸುಟ್ಟುಹೋಗುತ್ತದೆ, ಆಮೇಲೆ ಸೋಲ್ಡರ್ ಹತ್ತುತ್ತದೆ. ಎಳೆಗಳ ನಡುವೆ ಬಲಕ್ಕಾಗಿ ದಾರ ಇರುತ್ತದೆ, ಅದನ್ನು ಮೊದಲು ಬಿಡಿಸಿ ಕತ್ತರಿಸಿ. ಇಲ್ಲದಿದ್ದರೆ ಬೆಸುಗೆಯಲ್ಲಿ ಕರಿಯಾಗಿ ಸೇರಿಕೊಳ್ಳುತ್ತದೆ.

ಕೀಲಿಮಣೆ

ನನ್ನ ಕಡೆಯಿಂದ ಇನ್ನೊಂದೇ ಪ್ರಶ್ನೆ. ಮಿಡಿ ಕೇಬಲ್ (ಯಾವ ಸ್ವರ ಒತ್ತಿದೆವು ಅನ್ನುವ ಸಂದೇಶ ಒಯ್ಯುವುದು) ಕೂಡ ಮನೆಯಲ್ಲಿ ಮಾಡಬಹುದಾ? ಐದು ಪಿನ್ ನೋಡಿ ಸ್ವಲ್ಪ ಹಿಂಜರಿಕೆ.

ತಂತಿಬೆಸುಗೆ

ಮಾಡಬಹುದು, ಮೈಕ್ ಕೇಬಲ್‌ನಲ್ಲೇ. ಐದರಲ್ಲಿ ಬಳಸುವುದು ಮೂರೇ ಪಿನ್. 4 ಮತ್ತು 5 ಸಿಗ್ನಲ್, 2ಕ್ಕೆ ಶೀಲ್ಡ್. 1 ಮತ್ತು 3 ಖಾಲಿ. ಎರಡೂ ತುದಿಯಲ್ಲಿ 4ಕ್ಕೆ 4, 5ಕ್ಕೆ 5, 2ಕ್ಕೆ 2. ಉದ್ದ 15 ಮೀಟರ್ ಮೀರದಿರಲಿ.

ಒಂದೇ ಕಡೆ ಹುಷಾರಾಗಿರಿ. ಪಿನ್‌ಗಳ ಅಂಕಿ ಸಾಲಾಗಿ 1, 2, 3, 4, 5 ಅಂತ ಬರುವುದಿಲ್ಲ. ಕಮಾನಿನ ಒಂದು ತುದಿಯಿಂದ ಇನ್ನೊಂದು ತುದಿಗೆ 1, 4, 2, 5, 3. ಹಾಗಾಗಿ ನಡುವಿನ ಪಿನ್ 2, ಅದರ ಎರಡು ಪಕ್ಕದಲ್ಲಿ 4 ಮತ್ತು 5. ಎರಡು ತುದಿಯಲ್ಲಿ ಉಳಿದವು ಖಾಲಿ. ಬೆಸುಗೆ ಕಡೆಯಿಂದ 4 ಯಾವುದು 5 ಯಾವುದು ಅಂತ ಅಚ್ಚಾದ ಅಂಕಿ ನೋಡಿ ಗುರುತು ಮಾಡಿಕೊಂಡು ಐರನ್ ಬಿಸಿಮಾಡಿ.